ಅರಿಶಿನ ನೀರಿನ ನೆರಳು

ಅಹಮದಾಬಾದಿನಲ್ಲಿ ಚಳಿ ಶುರುವಾಯಿತೆಂದರೆ ತರಕಾರಿ ಗಾಡಿಗಳ ಮೇಲೆ ಹಸಿ ಅರಿಶಿನ ಕಾಣಿಸುತ್ತದೆ. ನೋಡಲು ಶುಂಠಿಯ ಹಾಗೆಯೇ ಇರುವ, ಮಣ್ಣು ಮೆತ್ತಿದ ಕೊಂಬುಗಳು. ಅಲ್ಲಿಯವರು ಅದನ್ನು ಸಣ್ಣಗೆ ಹೆಚ್ಚಿ, ಉಪ್ಪು ಲಿಂಬೆರಸ ಹಾಕಿ, ಊಟದ ಜೊತೆ ಉಪ್ಪಿನಕಾಯಿಯಂತೆ ತಿನ್ನುತ್ತಾರೆ. ಕಳೆದ ಜನವರಿಯಲ್ಲಿ ಅಧ್ಯಾಪಕರ ಹದಿನೈದು ದಿನದ ತರಬೇತಿಯೊಂದಕ್ಕೆ ನಮ್ಮ ಹುಬ್ಬಳ್ಳಿ ಕಾಲೇಜಿನವರು ನನ್ನನ್ನು ಹಿಡಿದು ಅಲ್ಲಿಗೆ ಕಳಿಸಿದರು. ಬೇರೆ ಯಾರೂ ಒಪ್ಪಲಿಲ್ಲ, ಒಲ್ಲೆ ಅಂತ ಜಗಳಾಡುವಷ್ಟು ತ್ರಾಣ ನನಗಿರಲಿಲ್ಲ, ಹೋದೆ. ಮೂರನೇ ದಿನ ಸಂಜೆ ನವರಂಗಪುರದ ರಸ್ತೆಯಲ್ಲಿ ನಡೆಯುತ್ತಿದ್ದಾಗ ಗಾಡಿಯವಳೊಬ್ಬಳು ಗಿರಾಕಿಗೆ ತೋರಿಸಲು ಒಂದು ಕೊಂಬನ್ನು ಲಟ್ಟನೆ ಮುರಿದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತು ವರ್ಷದಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿರುವ ವಾಸನೆ ಅದು. ಸಾರಿಗೆ, ಪಲ್ಯಕ್ಕೆ ಅರಿಶಿನ ಪುಡಿ ಹಾಕುತ್ತೇನೆ, ಹಾಕದೆ ನಡೆಯುತ್ತದೆಯೇ. ಆದರೆ ಹಸಿಯದ್ದನ್ನು ಮಾತ್ರ ಮನೆಯೊಳಗೆ ತಂದಿಲ್ಲ.

2003ರಲ್ಲಿ ನನಗೆ ಇಪ್ಪತ್ತಾರು ವರ್ಷ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಅಹಮದಾಬಾದಿನ ಒಂದು ಸಂಶೋಧನಾಲಯಕ್ಕೆ ಪಿಎಚ್‌.ಡಿ.ಗೆ ಸೇರಿದ್ದೆ. ಕೆಲಸ ಹೇಳಲಿಕ್ಕೆ ಸುಲಭ. ಕಣ್ಣಿನ ಹಿಂಗೋಡೆಗೆ ರೆಟಿನಾ ಎಂಬ ತೆಳುವಾದ ಪದರ ಇರುತ್ತದೆ. ಬೆಳಕನ್ನು ಹಿಡಿಯುವ ಕೋಶಗಳಿರುವುದು ಅಲ್ಲಿ. ಅವುಗಳ ಬೆನ್ನಿಗೆ ಕಂದು ಬಣ್ಣದ ಕೋಶಗಳ ಇನ್ನೊಂದು ಸಾಲು. ಬೆಳಕು ಹಿಡಿಯುವವಕ್ಕೆ ಉಣ್ಣಿಸುವುದು, ಅವುಗಳ ಕಸ ಬಳಿಯುವುದು, ಎಲ್ಲ ಈ ಕಂದು ಕೋಶಗಳ ಪಾಲಿಗೆ, ತುಂಬಿದ ಮನೆಯ ಹಿರೇ ಸೊಸೆಯ ಹಾಗೆ. ಇವು ಸತ್ತರೆ ಅವೂ ಸಾಯುತ್ತವೆ, ಮನುಷ್ಯನಿಗೆ ಕಣ್ಣು ಹೋಗುತ್ತದೆ. ತೀಕ್ಷ್ಣವಾದ ನೀಲಿ ಬೆಳಕು ಬಿದ್ದರೆ ಈ ಕಂದು ಕೋಶಗಳಿಗೆ ಏಟು. ಆ ಏಟಿನಿಂದ ಅವನ್ನು ಕಾಪಾಡುವ ಗುಣ ಅರಿಶಿನದ ಸತ್ವಕ್ಕೆ ಇದೆಯೇ ಎಂದು ನೋಡುವುದು ನನ್ನ ಕೆಲಸ.

ಕೋಶಗಳು ಬರುತ್ತಿದ್ದುದು ಆಡಿನ ಕಣ್ಣಿನಿಂದ. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯ ಮಗಳು ನಾನು, ವಾರಕ್ಕೆರಡು ದಿನ ಬೆಳಗ್ಗೆ ಆರಕ್ಕೆ ಹಳೇ ಊರಿನ ಕಸಾಯಿಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯೂಸುಫ್‌ಚಾಚಾ ಎಂಬ ಹಿರಿಯರು ಒಳಗಿನಿಂದ ಹತ್ತು ಹನ್ನೆರಡು ಕಣ್ಣು ತಂದು, ಐಸ್ ತುಂಬಿದ ನನ್ನ ಅಗಲಬಾಯಿಯ ಥರ್ಮಾಸಿಗೆ ಹಾಕುತ್ತಿದ್ದರು. ಆ ಥರ್ಮಾಸು ಕಾಫಿಗೆಂದು ಅವ್ವ ಕೊಟ್ಟು ಕಳಿಸಿದ್ದು. ದಾರಿಯಲ್ಲಿ ಆಟೋದವನೊಬ್ಬ “ಬೇನ್, ಚಾ ಛೇ?” ಎಂದು ಆಸೆಯಿಂದ ಕೇಳಿದ್ದ. ಚಹಾ ಅಲ್ಲಪ್ಪ, ಔಷಧಿ ಎಂದು ಹೇಳಿ ಪಾರಾದೆ. ಬಾಡಿಗೆ ಮನೆಯ ಮಾಲಕಿ ಜೈನರಾಕೆ, ನಾನು ಈರುಳ್ಳಿ ಹೆಚ್ಚಿದರೂ ಬಂದು ಬಾಗಿಲು ತಟ್ಟುವವರು. ಅವರಿಗೆ ಥರ್ಮಾಸಿನ ಕತೆ ಗೊತ್ತಾಗಿದ್ದರೆ ಅಂದೇ ನನ್ನ ಗಂಟುಮೂಟೆ ರಸ್ತೆಗೆ ಬೀಳುತ್ತಿತ್ತು.

ಕಂದು ಪದರವನ್ನು ಬಿಡಿಸಿ ಪುಟ್ಟ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸಲು ಹತ್ತು ಹನ್ನೆರಡು ದಿನ ಬೇಕು. ಬೆಳೆದ ಮೇಲೆ ಒಂದು ತಟ್ಟೆಗೆ ಅರಿಶಿನದ ಸತ್ವ ಬೆರೆಸಿದ ದ್ರವ, ಇನ್ನೊಂದಕ್ಕೆ ಅರಿಶಿನವಿಲ್ಲದ ಬರೀ ದ್ರವ. ಒಂದು ದಿನ ಬಿಟ್ಟು ಎರಡನ್ನೂ ಮೂರು ಸಲ ತೊಳೆದು, ಬಣ್ಣವಿಲ್ಲದ ಉಪ್ಪುನೀರು ಹಾಕಿ, ನೀಲಿ ದೀಪದ ಕೆಳಗೆ ಇಡಬೇಕು. ಆಮೇಲೆ ಶಾಯಿಯಂಥ ಒಂದು ನೀಲಿ ಬಣ್ಣ ಬಿಟ್ಟರೆ ಸತ್ತ ಕೋಶಗಳು ಅದನ್ನು ಹೀರುತ್ತವೆ, ಬದುಕಿದವು ಹೀರುವುದಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು ಸತ್ತವೆಷ್ಟು, ಬದುಕಿದವೆಷ್ಟು ಎಂದು ಎಣಿಸುತ್ತ ಹೋಗುವುದು. ಎಂಟು ತಿಂಗಳು ಎಣಿಸಿದೆ. ಎರಡೂ ತಟ್ಟೆಗಳಲ್ಲಿ ಒಂದೇ ಸಮ ಸಾಯುತ್ತಿದ್ದವು. ಕತ್ತು ಹಿಡಿದುಕೊಂಡಿತ್ತು, ಕಣ್ಣು ಮುಚ್ಚಿದರೂ ಚುಕ್ಕಿಗಳೇ ಕಾಣುತ್ತಿದ್ದವು. ನನ್ನ ಗೈಡ್ ಪರೀಖ್ ಸರ್ ಒಳ್ಳೆಯವರೇ, ಆದರೆ ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು “ಸುಮಂಗಲಾಬೇನ್, ಕುಛ್ ಹುವಾ?” ಎಂದು ಕೇಳುತ್ತಿದ್ದರು. ಏನೂ ಆಗಿಲ್ಲ ಎಂದು ದಿನಾ ಹೇಳುವುದಿದೆಯಲ್ಲ, ಅದು ಎಣಿಸುವುದಕ್ಕಿಂತ ಹೆಚ್ಚಿನ ದಣಿವು.

ಲ್ಯಾಬಿನಿಂದ ಎರಡು ಗಲ್ಲಿ ದಾಟಿದರೆ ಉಡುಪಿ ಕಡೆಯ ವಾಸುದೇವ ಭಟ್ಟರ ಹೋಟೆಲು. ಸಾಂಬಾರಿಗೆ ಆ ಊರಿನ ನಾಲಿಗೆಗೆ ತಕ್ಕಂತೆ ಬೆಲ್ಲ ಸುರಿಯುತ್ತಿದ್ದರು. ನಾನು ಮೊದಲ ದಿನವೇ ಮುಖ ಕಿವುಚಿದ್ದು ನೋಡಿ ಭಟ್ಟರ ಹೆಂಡತಿ ಶಾರದಕ್ಕ ಒಳಗೆ ಕರೆದು, ಮನೆಯವರಿಗೆಂದು ಮಾಡಿಟ್ಟಿದ್ದ ಖಾರದ ಸಾಂಬಾರು ಬಡಿಸಿದರು. ಅಂದಿನಿಂದ ನನ್ನ ಊಟ ಅಡುಗೆಮನೆಯಲ್ಲೇ, ಮಧ್ಯಾಹ್ನದ ಗದ್ದಲ ಇಳಿದ ಮೇಲೆ, ಮೂರೂವರೆಗೆ.

ಅಂಥ ಒಂದು ಮಧ್ಯಾಹ್ನ ಹೋದಾಗ ಅವರು ಸೆರಗಿನಿಂದ ಕಣ್ಣು ಕಟ್ಟಿಕೊಂಡು, ಕೈಚಾಚಿ, ಒಲೆಯಿಂದ ನಲ್ಲಿಯ ತನಕ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು.

“ಇದೇನ್ರೀ ಶಾರದಕ್ಕಾ, ಕಣ್ಣಾಮುಚ್ಚಾಲಿ ಆಡಾಕತ್ತೀರಿ?” ಎಂದು ನಕ್ಕೆ.

“ಆಡುದು ಎಂತದು ಮಾರಾಯ್ತಿ,” ಎಂದರು, ನಿಲ್ಲದೆ. “ಕಣ್ಣು ಇರುವಾಗಲೇ ಕಣ್ಣಿಲ್ಲದ್ದು ಕಲಿಯುದು. ಪೂರ್ತಿ ಹೋದ ಮೇಲೆ ಕಲೀತೇನೆ ಹೇಳಿದ್ರೆ ಯಾರು ಕಲಿಸ್ತಾರೆ?”

ಆಗ ತಿಳಿಯಿತು. ಅವರ ರೆಟಿನಾ ಅಂಚಿನಿಂದ ಒಳಗೊಳಗೆ ಸಾಯುತ್ತ ಬರುತ್ತಿತ್ತು. ಅವರ ಅಪ್ಪನಿಗೂ ಹಾಗೇ ಆಗಿತ್ತಂತೆ. ಕತ್ತಲಲ್ಲಿ ಏನೂ ಕಾಣದು, ಹಗಲಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದ್ದಷ್ಟೇ. ಐದು ವರ್ಷವೋ ಹತ್ತು ವರ್ಷವೋ ಎಂದಿದ್ದರು ಡಾಕ್ಟರು. ಶಾರದಕ್ಕ ಅತ್ತು ಕೂತವರಲ್ಲ. ಡಬ್ಬಿಗಳಿಗೆ ಜಾಗ ಗೊತ್ತುಮಾಡಿ, ಸಾಸಿವೆಗೆ ಒಂದು ದಾರ, ಜೀರಿಗೆಗೆ ಎರಡು ದಾರ ಕಟ್ಟಿ, ದಿನಕ್ಕೊಂದು ಗಂಟೆ ಕುರುಡಿಯಾಗಿ ಅಡುಗೆಮನೆ ನಡೆಸುತ್ತಿದ್ದರು. ಜೊತೆಗೆ ಅಂಧರ ಸಂಸ್ಥೆಯೊಂದರಲ್ಲಿ ಕೋಲು ಹಿಡಿದು ಒಬ್ಬರೇ ರಸ್ತೆಯಲ್ಲಿ ನಡೆಯುವುದನ್ನು ಕಲಿಸುವ ತರಬೇತಿಗೆ ಹೆಸರು ಬರೆಸಿದ್ದರು. ಸೀಟು ಕಡಿಮೆ, ಕಾಯುವವರು ಬಹಳ. ಭಟ್ಟರಿಗೆ ಅದು ಸುತರಾಂ ಇಷ್ಟವಿರಲಿಲ್ಲ. ನನ್ನ ಹೆಂಡತಿ ಕೋಲು ಕುಟ್ಟಿಕೊಂಡು ರಸ್ತೆಯಲ್ಲಿ ಹೋಗುವುದೆಂದರೇನು, ನಾನಿಲ್ಲವೇ ಎನ್ನುತ್ತಿದ್ದರು. ಒಂದೂವರೆ ವರ್ಷ ಹಟ ಹಿಡಿದು ಅವರನ್ನು ಒಪ್ಪಿಸಿದ್ದರು ಶಾರದಕ್ಕ.

ನನ್ನ ಕೆಲಸ ಏನೆಂದು ತಿಳಿದ ದಿನದಿಂದ ತಟ್ಟೆ ಇಡುತ್ತಲೇ ಅವರದೊಂದು ಪ್ರಶ್ನೆ. “ಇವತ್ತು ಎಷ್ಟು ಬದುಕಿದವು?”

“ಯಾವೂ ಇಲ್ರಿ. ಎಲ್ಲಾ ಸತ್ತು ನೀಲಿ ಆದವು.”

“ಪಾಪ,” ಎನ್ನುತ್ತಿದ್ದರು, ಕೋಶಗಳಿಗೋ ನನಗೋ. “ಇನ್ನೊಂದು ದೋಸೆ ತಿನ್ನು.”

ಮಳೆಗಾಲದ ಕೊನೆಗೆ ಒಂದು ದಿನ ಕಸಾಯಿಖಾನೆಯ ಬಾಗಿಲಲ್ಲಿ ಯೂಸುಫ್‌ಚಾಚಾ ಥರ್ಮಾಸು ತುಂಬಿಸಿ ಕೊಡುತ್ತ, “ಬೇಟಾ, ಕಲ್ ಸೇ ಆಠ್ ನೌ ದಿನ್ ಬಂದ್,” ಎಂದರು. ನಾಳೆಯಿಂದ ಎಂಟೊಂಬತ್ತು ದಿನ ಬಾಗಿಲು ಮುಚ್ಚುತ್ತದಂತೆ, ನನಗೆ ತಲೆಬುಡ ಹತ್ತಲಿಲ್ಲ. ಜೈನರ ಪರ್ಯೂಷಣ ಹಬ್ಬ. ಆ ದಿನಗಳಲ್ಲಿ ಊರಿನಲ್ಲಿ ಪ್ರಾಣಿ ಕಡಿಯುವಂತಿಲ್ಲ. ಅಲ್ಲಿಯವರಿಗೆ ಅದು ಯುಗಾದಿಗೆ ಬೇವು ತಿನ್ನುವಷ್ಟು ಸಹಜ ಸಂಗತಿ, ಹಾಗಾಗಿ ಲ್ಯಾಬಿನಲ್ಲಿ ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬೇರೆಯವರು ಮೊದಲೇ ಕೋಶ ಬೆಳೆಸಿಟ್ಟುಕೊಂಡು ಆರಾಮಾಗಿದ್ದರು. ನನ್ನ ಹತ್ತಿರ ಇದ್ದುದು ಆ ದಿನದ ಹನ್ನೆರಡು ಕಣ್ಣು ಮಾತ್ರ. ಅತ್ತ ಪರೀಖ್ ಸರ್ ಒಂದು ಸಮ್ಮೇಳನಕ್ಕೆ ನಮ್ಮ ಕೆಲಸದ ಸಾರಾಂಶ ಕಳಿಸಬೇಕಿತ್ತು, ತಿಂಗಳ ಕೊನೆಯೇ ಗಡುವು. ಈ ಒಂದು ಸಲ ಕೆಟ್ಟರೆ ಮತ್ತೆ ಕಣ್ಣು ತಂದು ಬೆಳೆಸಲು ಸಮಯವಿರಲಿಲ್ಲ.

ಹದಿಮೂರನೇ ದಿನ ತಟ್ಟೆಗಳನ್ನು ತೊಳೆಯಲು ಕೂತೆ. ಮೊದಲ ತೊಳೆತಕ್ಕೇ ಒಂದು ತಟ್ಟೆಯ ಅಂಚಿನಿಂದ ಕೋಶಗಳ ಒಂದು ಹಾಳೆ ಸುಲಿದು ತೇಲಿಹೋಯಿತು. ಇನ್ನೆರಡು ಸಲ ತೊಳೆದರೆ ಎಣಿಸಲು ಏನು ಉಳಿಯುತ್ತದೆ? ಉಳಿದ ತಟ್ಟೆಗಳನ್ನು ತೊಳೆಯದೆ, ಇದ್ದ ದ್ರವದಲ್ಲೇ ದೀಪದ ಕೆಳಗಿಟ್ಟೆ. ಅಷ್ಟೇ ನಾನು ಮಾಡಿದ್ದು. ನೋಟುಬುಕ್ಕಿನಲ್ಲಿ ಎಂದಿನಂತೆ “ಮೂರು ಸಲ ತೊಳೆದೆ” ಎಂದು ಬರೆದೆ. ಎಂಟು ತಿಂಗಳು ಬರೆದು ಕೈಗೆ ರೂಢಿಯಾಗಿದ್ದ ಸಾಲು ಅದು ಎಂದು ಹೇಳಿಕೊಳ್ಳಬಹುದು. ಅದು ಪೂರ್ತಿ ನಿಜವಲ್ಲ. ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತ್ತು, ಅದು ನನಗೆ ಗೊತ್ತು.

ಸಂಜೆ ಎಣಿಸಿದರೆ ಬರೀ ದ್ರವದ ತಟ್ಟೆಯ ತುಂಬ ನೀಲಿ, ಅರಿಶಿನದ ತಟ್ಟೆಯಲ್ಲಿ ಬಹುಪಾಲು ಬದುಕಿದ್ದವು. ಮತ್ತೆ ಎಣಿಸಿದೆ. ಪಕ್ಕದ ಮೇಜಿನ ಹೇತಲ್‌ಳನ್ನು ಕರೆದು ಎಣಿಸಲು ಹೇಳಿದೆ. ಅವಳಿಗೂ ಅದೇ ಲೆಕ್ಕ ಬಂತು. ಪರೀಖ್ ಸರ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಹೊರಗೆ ಹೋಗಿ, ಲ್ಯಾಬಿಗೆಲ್ಲ ಜಿಲೇಬಿ ತಂದರು. ಎಂಟು ತಿಂಗಳು ಬಾರದ್ದು ಇವತ್ತೇಕೆ ಬಂತು ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಇಷ್ಟು ದಿನ ತೊಳೆದು ತೊಳೆದು ಕೋಶಗಳನ್ನು ನೋಯಿಸಿದ್ದೆ, ಈಗ ನೋಯಿಸಲಿಲ್ಲ ಎಂದುಕೊಂಡೆ. ದಣಿದವರಿಗೆ ಅಷ್ಟು ಕಾರಣ ಸಾಕು.

ಮರುದಿನ ಅಡುಗೆಮನೆಯಲ್ಲಿ ಶಾರದಕ್ಕ ಕೇಳುವ ಮೊದಲೇ ಹೇಳಿದೆ. “ಬದುಕ್ಯಾವ್ರೀ ಅಕ್ಕಾ. ಅರಿಶಿನ ಹಾಕಿದ್ವು ಬದುಕ್ಯಾವು.”

ಅವರು ಸೌಟು ಕೆಳಗಿಟ್ಟರು. ಮುಖವನ್ನು ಅತ್ತಿತ್ತ ತಿರುಗಿಸಿ, ನನ್ನನ್ನು ತಮ್ಮ ಕೊಳವೆಯೊಳಗೆ ತಂದುಕೊಂಡು, ಸ್ವಲ್ಪ ಹೊತ್ತು ನೋಡಿದರು. “ಹೌದಾ?” ಎಂದರು. ಆಮೇಲೆ ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

ವಾರ ಕಳೆಯಿತು. ಅಂಧರ ಸಂಸ್ಥೆಯಿಂದ ಪತ್ರ ಬಂದಿತ್ತು. ನವರಾತ್ರಿ ಮುಗಿದ ಮೇಲೆ ತರಬೇತಿ ಶುರು, ಮೂರು ತಿಂಗಳು, ಬರುತ್ತೀರೋ ಇಲ್ಲವೋ ತಿಳಿಸಿ. ಶಾರದಕ್ಕ ಪತ್ರವನ್ನು ನನ್ನ ತಟ್ಟೆಯ ಪಕ್ಕ ಇಟ್ಟರು.

“ನೀನು ಓದಿದವಳು, ನೀನೇ ಹೇಳು ಸುಮಾ. ಹೋಗುದಾ ಬೇಡ್ವಾ? ಇವರು ದಿನಾ ಅದೇ ಹೇಳ್ತಾರೆ, ಔಷಧ ಬರುದುಂಟಲ್ಲ, ಮತ್ತೆಂತಕ್ಕೆ ಕೋಲು ಅಂತ.”

ತಟ್ಟೆಯಲ್ಲಿ ಬೆಳೆದ ಆಡಿನ ಕೋಶಕ್ಕೂ ನಲವತ್ತು ವರ್ಷದ ಹೆಂಗಸಿನ ಕಣ್ಣಿಗೂ ನಡುವೆ ಎಷ್ಟು ದೂರ ಎಂದು ನನಗೆ ಗೊತ್ತಿತ್ತು. ನಮ್ಮದು ಬೆಳಕಿನ ಏಟು, ಅವರದು ಹುಟ್ಟಿನಿಂದ ಬಂದ ರೋಗ, ಎರಡೂ ಒಂದೇ ಅಲ್ಲ ಎಂದೂ ಗೊತ್ತಿತ್ತು. ಅದನ್ನೆಲ್ಲ ಬಿಡಿಸಿ ಹೇಳಬೇಕಿತ್ತು. ಆದರೆ ಎಂಟು ತಿಂಗಳ ಮೇಲೆ ಮೊದಲ ಸಲ ಒಬ್ಬರು ನನ್ನ ಕೆಲಸವನ್ನು ನಂಬಿ ಕೂತಿದ್ದರು. ಆ ನಂಬಿಕೆಯ ಬಿಸಿ ನನಗೆ ಬೇಕಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

“ಸ್ವಲ್ಪ ತಡೀರಿ ಅಕ್ಕಾ,” ಎಂದೆ. “ಇಷ್ಟ್ ಲಗೂನ ಕೋಲು ಯಾಕ್ರೀ ಹಿಡೀತೀರಿ.”

ಅವರು ಸೀಟು ಬಿಟ್ಟುಕೊಟ್ಟರು. ಸೆರಗಿನಿಂದ ಕಣ್ಣು ಕಟ್ಟಿಕೊಳ್ಳುವುದೂ ನಿಂತಿತು. ಡಬ್ಬಿಗಳ ದಾರ ಒಂದೊಂದಾಗಿ ಬಿಚ್ಚಿಹೋದವು, ಯಾರೂ ಮತ್ತೆ ಕಟ್ಟಲಿಲ್ಲ. ಬೆಳಗ್ಗೆ ಸಂಜೆ ಅರಿಶಿನದ ಹಾಲು ಕುಡಿಯುತ್ತಿದ್ದರು. ನವರಾತ್ರಿಯಲ್ಲಿ ಎಂಟು ವರ್ಷದ ಮಗಳು ನಿಶಾಳ ಚನಿಯಾ ಲಂಗಕ್ಕೆ ತಾವೇ ಕನ್ನಡಿ ಚೂರು ಹೊಲಿದರು. ಒಂದೊಂದೇ ಚೂರನ್ನು ಕಣ್ಣೆದುರು ಹಿಡಿದು, ನಗುತ್ತ, ಹದಿನೈದು ದಿನ. ನಾನು ಮಾತ್ರ ಲ್ಯಾಬಿನಲ್ಲಿ ತೊಳೆಯದೆ ಪ್ರಯೋಗ ಮಾಡುತ್ತ ಹೋದೆ. ಪ್ರತಿ ಸಲವೂ ಅರಿಶಿನ ಗೆಲ್ಲುತ್ತಿತ್ತು. ದೀಪಾವಳಿಗೆ ಊರಿಗೂ ಹೋಗಲಿಲ್ಲ. ಗೆಲುವಿನಿಂದಲೂ ಮೈ ದಣಿಯುತ್ತದೆ ಎಂದು ಆಗ ಗೊತ್ತಾಯಿತು. ಬೆಳಗ್ಗೆ ಏಳುವಾಗ ಕೈ ಊದಿರುತ್ತಿತ್ತು. ಸಾರಾಂಶ ಒಪ್ಪಿಗೆಯಾಗಿದೆ ಎಂದು ಡಿಸೆಂಬರಿನಲ್ಲಿ ಕಾಗದ ಬಂತು.

ಜನವರಿಯ ಉತ್ತರಾಯಣದ ದಿನ ಊರಿಗೆ ಊರೇ ಮಾಳಿಗೆ ಹತ್ತುತ್ತದೆ. ಹೋಟೆಲಿಗೂ ರಜೆ. ಭಟ್ಟರ ಕಟ್ಟಡದ ಮಾಳಿಗೆಯ ಮೇಲೆ ನಾವೆಲ್ಲ ಬೆಳಗ್ಗೆಯಿಂದ ಚಿಕ್ಕಿ ತಿನ್ನುತ್ತ ಕೂತಿದ್ದೆವು. ಸುತ್ತಲಿನ ಮಾಳಿಗೆಗಳಿಂದ “ಲಪೇಟ್, ಲಪೇಟ್” ಎಂದು ಪಟ ಕತ್ತರಿಸಿದವರ ಕೂಗು, ಆಕಾಶದ ತುಂಬ ಗಾಳಿಪಟ. ಬಿಸಿಲಿಗೆ ತಲೆಯೆತ್ತಿ ನೋಡಬೇಕಲ್ಲ, ಅದಕ್ಕೆ ರಸ್ತೆಬದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕನ್ನಡಕ ಮಾರುತ್ತಾರೆ. ಭಟ್ಟರು ಒಂದು ಚೀಲ ತಂದಿದ್ದರು. ಶಾರದಕ್ಕನ ಕೈಗೆ ಹಳದಿಯದು ಸಿಕ್ಕಿತು. ಹಾಕಿಕೊಂಡು ಆಕಾಶದ ಕಡೆ ಮುಖ ಮಾಡಿದರು.

“ಸುಮಾ, ಇದು ಹಾಕಿದ್ರೆ ಬಿಸಿಲು ಕಣ್ಣಿಗೆ ಚುಚ್ಚುದೇ ಇಲ್ಲ ನೋಡು,” ಎಂದರು. “ಎಲ್ಲ ತಣ್ಣಗೆ ಉಂಟು. ನಿನ್ನ ಅರಿಶಿನದ ನೀರಲ್ಲಿ ಮುಳುಗಿದ ಹಾಗೆ.”

ತೆಗೆದು ನನಗೆ ಹಾಕಿದರು. ತಲೆಯೆತ್ತಿ ನೋಡಿದೆ. ಆಕಾಶದಲ್ಲಿ ನೀಲಿಯೇ ಇರಲಿಲ್ಲ. ಮಾಸಿದ ಹಸಿರು ಬಟ್ಟೆಯ ಹಾಗೆ ಕಾಣುತ್ತಿತ್ತು. ಹಳದಿ ಕನ್ನಡಕ ನೀಲಿಯನ್ನೆಲ್ಲ ತಡೆದು ನಿಲ್ಲಿಸಿತ್ತು. ನನ್ನ ದೀಪವೂ ನೀಲಿ. ನಾನು ತೊಳೆಯದೆ ಬಿಟ್ಟ ಅರಿಶಿನವೂ ಹಳದಿ. ಕೋಶಗಳನ್ನು ಅದು ಒಳಗಿನಿಂದ ಕಾಪಾಡಿರಲಿಲ್ಲ, ಮೇಲೆ ನಿಂತು ಅವಕ್ಕೆ ನೆರಳು ಕೊಟ್ಟಿತ್ತು, ಅಷ್ಟೇ. ತೊಳೆದಾಗಲೆಲ್ಲ ಸತ್ತಿದ್ದವು, ಏಕೆಂದರೆ ತೊಳೆದ ಮೇಲೆ ನೆರಳು ಇರುತ್ತಿರಲಿಲ್ಲ. ಕೈಯಲ್ಲಿದ್ದ ಚಿಕ್ಕಿ ಹಾಗೇ ಉಳಿಯಿತು. ಶಾರದಕ್ಕ ಪಕ್ಕದಲ್ಲೇ ಕೂತು, ಯಾರದೋ ಪಟ ಕತ್ತರಿಸಿಹೋದದ್ದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

ಅಂದು ಅವರಿಗೆ ಹೇಳಲಿಲ್ಲ. ಖಚಿತ ಮಾಡಿಕೊಂಡು ಹೇಳೋಣ ಎಂದುಕೊಂಡೆ. ಇನ್‌ಕ್ಯುಬೇಟರಿನಲ್ಲಿ ತಟ್ಟೆಗಳು ಬೆಳೆದು ಸಿದ್ಧವಾಗಲು ಇನ್ನೊಂದು ವಾರ ಬೇಕಿತ್ತು. ಆ ವಾರ ಊಟಕ್ಕೆ ಹೋಟೆಲಿಗೆ ಹೋಗಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಪ್ರಯೋಗ ಮಕ್ಕಳಾಟದಷ್ಟು ಸುಲಭ. ಅರಿಶಿನ ಮುಟ್ಟಿಸದ ಕೋಶಗಳ ತಟ್ಟೆಯ ಮುಚ್ಚಳದ ಮೇಲೆ ಇನ್ನೊಂದು ತಟ್ಟೆಯಲ್ಲಿ ಅರಿಶಿನದ ದ್ರವ ಇಟ್ಟು, ದೀಪ ಹಾಕಿದೆ. ದೀಪದ ಬೆಳಕು ಹಳದಿ ದ್ರವವನ್ನು ದಾಟಿ ಕೆಳಗೆ ಬರಬೇಕು. ಎಣಿಸಿದೆ. ಅರಿಶಿನದ ಒಂದು ಹನಿ ತಾಗದ ಕೋಶಗಳು ತಣ್ಣಗೆ ಬದುಕಿದ್ದವು.

ನೋಟುಬುಕ್ಕು ತೆಗೆದುಕೊಂಡು ಪರೀಖ್ ಸರ್ ಕೋಣೆಗೆ ಹೋಗಿ, ಪರ್ಯೂಷಣದ ದಿನಗಳಿಂದ ಹಿಡಿದು ಎಲ್ಲ ಹೇಳಿದೆ. ಬರೆದ ಸುಳ್ಳನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಪಹಲೇ ಪೂಛನಾ ಥಾ ನಾ, ಬೇನ್,” ಎಂದರು. ಮೊದಲೇ ಕೇಳಬೇಕಿತ್ತಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮೂರನೇ ದಿನ, ಸಮ್ಮೇಳನದವರಿಗೆ ಸಾರಾಂಶ ಹಿಂತೆಗೆದುಕೊಂಡ ಪತ್ರದ ಪ್ರತಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಕಾರಣ ಎಂಬಲ್ಲಿ “ನಮ್ಮ ತಪ್ಪು” ಎಂದಿತ್ತು. ನನ್ನ ಹೆಸರು ಇರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಹೋಟೆಲಿಗೆ ಹೋದೆ. ಶಾರದಕ್ಕ ನನಗಾಗಿ ಹಸಿ ಅರಿಶಿನ ಹೆಚ್ಚುತ್ತಿದ್ದರು, ಹೊಟ್ಟೆಗೆ ಒಳ್ಳೆಯದೆಂದು. ಅಡುಗೆಮನೆಯ ತುಂಬ ಅದರ ವಾಸನೆ. ಕೂರದೆ, ನಿಂತೇ ಹೇಳಿದೆ. ಅದು ಔಷಧಿಯಲ್ಲ, ಬರೀ ನೆರಳು, ನಾನು ತೊಳೆಯಲಿಲ್ಲ, ತಿಳಿಯದೆ ನಿಮಗೂ ಹೇಳಿಬಿಟ್ಟೆ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಮತ್ತೆ ಶುರು ಮಾಡಿದಾಗ ಕೈಯೆತ್ತಿ ತಡೆದರು.

“ಗೊತ್ತಾಯ್ತು ಮಾರಾಯ್ತಿ. ಅವತ್ತು ಮಾಳಿಗೆಯಲ್ಲಿ ಕನ್ನಡಕ ಹಾಕಿ ನಿನ್ನ ಮುಖ ಬಿಳಿಚಿಕೊಂಡಿತ್ತು. ನನಗೆ ಅಷ್ಟು ಕಾಣ್ತದೆ ಇನ್ನೂ.”

“ತರಬೇತಿ?” ಎಂದೆ. “ಮತ್ತ ಹೆಸರು ಬರಸೂಣ್ರಿ. ನಾ ಬರ್ತೇನಿ ಜೊತಿಗೆ.”

“ಇವರು ಇನ್ನು ಒಪ್ಪುದಿಲ್ಲ,” ಎಂದರು. “ಒಮ್ಮೆ ನಾನೇ ಬೇಡ ಹೇಳಿದ್ದಲ್ವಾ. ಎರಡನೇ ಸಲ ಜಗಳ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ.” ಹೆಚ್ಚಿದ ಅರಿಶಿನವನ್ನು ಬಟ್ಟಲಿಗೆ ಹಾಕಿ, ಉಪ್ಪು ಬೆರೆಸಿ, ನನ್ನ ಮುಂದೆ ತಳ್ಳಿದರು. “ತಿನ್ನು. ಹೆಚ್ಚಿ ಆಯ್ತಲ್ಲ.” ತಿಂದೆ. ಎದ್ದು ಬರುವಾಗ ಹಿಂದೆ ನೋಡಿದರೆ, ಸೆರಗು ಎಳೆದು ಕಣ್ಣಿಗೆ ಕಟ್ಟಿಕೊಂಡು, ಸಾಸಿವೆ ಡಬ್ಬಿ ಎಲ್ಲಿದೆಯೆಂದು ಶೆಲ್ಫಿನ ಮೇಲೆ ಕೈಯಾಡಿಸುತ್ತಿದ್ದರು. ಡಬ್ಬಿ ಸಿಗಲಿಲ್ಲ.

ಏಪ್ರಿಲಿಗೆ ನಾನು ಪಿಎಚ್‌.ಡಿ. ಬಿಟ್ಟು ಊರಿಗೆ ಬಂದೆ. ಯಾರೂ ಹೋಗು ಎನ್ನಲಿಲ್ಲ, ನನಗೇ ಮತ್ತೆ ತಟ್ಟೆಯ ಮುಂದೆ ಕೂರಲಾಗಲಿಲ್ಲ. ಮೊದಲೊಂದೆರಡು ವರ್ಷ ಶಾರದಕ್ಕನಿಗೆ ಫೋನು ಮಾಡುತ್ತಿದ್ದೆ. ಆಮೇಲೆ ಅದೂ ನಿಂತಿತು, ನಿಲ್ಲಿಸಿದವಳು ನಾನೇ.

ಕಳೆದ ಜನವರಿಯ ಆ ಸಂಜೆ ಅರಿಶಿನದ ಗಾಡಿಯ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ, ಆಮೇಲೆ ಕಾಲು ತಾನೇ ಆ ಗಲ್ಲಿಯ ಕಡೆ ತಿರುಗಿತು. ಹೋಟೆಲು ಅಲ್ಲೇ ಇತ್ತು. ಗಲ್ಲಾದ ಹಿಂದಿನ ಗೋಡೆಯ ಮೇಲೆ ಭಟ್ಟರ ಫೋಟೋ, ಅದಕ್ಕೆ ಗಂಧದ ಹಾರ. ಗಲ್ಲಾದಲ್ಲಿ ಕೂತಿದ್ದ ಹೆಂಗಸಿಗೆ ಹೆಸರು ಹೇಳಿದೆ. ಅವಳೇ ನಿಶಾ. “ಆಂಟಿ, ಮಮ್ಮಿ ಅಂದರ್ ಇದೆ, ಜಾವೋ ನಾ,” ಎಂದಳು. ಅವಳ ಕನ್ನಡ ಅಷ್ಟಕ್ಕೇ ಮುಗಿದಿತ್ತು.

ಅಡುಗೆಮನೆಯಲ್ಲಿ ಶಾರದಕ್ಕ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿ, ನನ್ನನ್ನು ದಾಟಿ ಗೋಡೆಯ ಕಡೆ ಕಣ್ಣು ನೆಟ್ಟು, “ಯಾರು, ಸುಮಾನಾ?” ಎಂದು ಕೇಳಿ, ಅವರೆಕಾಯಿಯ ಬಟ್ಟಲನ್ನು ನನ್ನತ್ತ ತಳ್ಳಿದರು.